ಸಾಲೋಟಗಿ ಪಾಠ ಇನ್ನೂ ಒಳಗೇ ಇದೆ, ಸರ್

ನನಗೆ ಇತಿಹಾಸ ಕಲಿಸಿದ ಗುರುಗಳೂ, ಆಮೇಲೆ ಅದೇ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯವರೂ ಆದ ಮಲಕಪ್ಪ ಸರ್ ಅವರಿಗೆ, ಸಿಂದಗಿಯಿಂದ ನಿಮ್ಮ ಶಿಷ್ಯನ ನಮಸ್ಕಾರಗಳು.

ಸಮಸ್ತ ಲೋಕಕ್ಕೆ, ಅದರಲ್ಲೂ ವಿಶೇಷವಾಗಿ ನೀವು ಈಗಿರುವ ಲೋಕಕ್ಕೆ, ಈ ಮೂಲಕ ಘೋಷಿಸುವುದೇನೆಂದರೆ: ನಮ್ಮ ಸ್ಟಾಫ್ ರೂಮಿನ ಪೂರ್ವದ ಗೋಡೆಯಲ್ಲಿ, ನಿಮ್ಮ ಕುರ್ಚಿಯ ಹಿಂದೆ, ಕಿಟಕಿಯ ಕೆಳಗಿರುವ ಪ್ಲಗ್ಗಿಗೆ ಕರೆಂಟು ಬಂದಿದೆ. ಪ್ರಾಚಾರ್ಯರು ಸ್ವಹಸ್ತದಿಂದ ತಮ್ಮ ಮೊಬೈಲಿನ ಚಾರ್ಜರ್ ಚುಚ್ಚಿ ಉದ್ಘಾಟಿಸಿದರು. ಚಹಾ ಆಯಿತು, ಚೂಡಾ ಆಯಿತು, ಗ್ರೂಪಿನಲ್ಲಿ ಫೋಟೋ ಬಂತು, ಕೆಳಗೆ ಸಾಲು ಸಾಲು ಚಪ್ಪಾಳೆಯ ಚಿತ್ರಗಳು ಬಂದವು. ಆ ಪ್ಲಗ್ಗಿಗಾಗಿ ಮೂರು ಅರ್ಜಿ ಕೊಟ್ಟವರು ಮಾತ್ರ ಫೋಟೋದಲ್ಲಿರಲಿಲ್ಲ. ನಿಮ್ಮ ಕುರ್ಚಿ ಇತ್ತು. ಅದರ ಮೇಲೆ ಚೂಡಾದ ತಟ್ಟೆ ಇಟ್ಟಿದ್ದರು.

ವಿಶ್ವವಿದ್ಯಾಲಯದಿಂದ ಆ ನಮೂನೆ ಬಂದ ದಿನ ನಿಮಗೆ ನೆನಪಿದೆಯೇ? ‘ಆನ್‌ಲೈನ್ ಕಲಿಕಾ ವೇದಿಕೆಗೆ ಅಧ್ಯಾಪಕರ ಸನ್ನದ್ಧತೆ’ ಎಂದು ತಲೆಬರಹ. ಕೆಳಗೆ ಪ್ರಶ್ನೆಗಳು, ಒಂದೊಂದಕ್ಕೂ ಐದು ಚೌಕ. ಎಡತುದಿಯಲ್ಲಿ ‘ಸ್ವಲ್ಪವೂ ಇಲ್ಲ’, ಬಲತುದಿಯಲ್ಲಿ ‘ಸಂಪೂರ್ಣ ಸನ್ನದ್ಧ’. ಪ್ರಾಚಾರ್ಯರು ಬಾಗಿಲಲ್ಲೇ ನಿಂತು, “ಎಲ್ಲಾರೂ ಕಡೀ ಚೌಕಕ್ಕ ಗುರುತು ಹಾಕ್ರಿ. ಕಾಲೇಜಿನ ಮರ್ಯಾದಿ ಪ್ರಶ್ನೆ ಐತಿ” ಎಂದರು. ಪತ್ರಿಕೆಗೆ ಅಂಕಣ ಬರೆಯುತ್ತೇನೆ, ಆದ್ದರಿಂದ ಟೈಪಿಂಗ್ ಬರುತ್ತದೆ, ಆದ್ದರಿಂದ ಕಂಪ್ಯೂಟರ್ ಬರುತ್ತದೆ ಎಂಬ ಅಕಾಟ್ಯ ತರ್ಕದ ಮೇಲೆ ನನ್ನನ್ನು ನೋಡಲ್ ಅಧಿಕಾರಿ ಮಾಡಿದ್ದರು. ನಮೂನೆಗಳನ್ನು ಒಟ್ಟು ಮಾಡಿ ಕಳಿಸುವ ಕೆಲಸ ನನ್ನದು. ಇ-ಮೇಲ್ ತೆರೆಯಲು ಗುಮಾಸ್ತರನ್ನು ಕರೆಯುತ್ತಿದ್ದ ವಾಣಿಜ್ಯ ವಿಭಾಗದವರು ಸಂಪೂರ್ಣ ಸನ್ನದ್ಧರಾದರು. ಪ್ರೊಜೆಕ್ಟರಿಗೆ ಹಬ್ಬಕ್ಕೊಮ್ಮೆ ಊದುಬತ್ತಿ ಬೆಳಗುವುದನ್ನು ಬಿಟ್ಟು ಬೇರೆ ಏನೂ ಮಾಡಿರದ ನಾವೆಲ್ಲ ಸಂಪೂರ್ಣ ಸನ್ನದ್ಧರಾದೆವು. ಪೆನ್ನು ಹಿಡಿದು ಅರ್ಧ ತಾಸು ಕೂತವರು ನೀವೊಬ್ಬರೇ.

ನೀವು ಎಲ್ಲ ಪ್ರಶ್ನೆಗೂ ಎಡತುದಿಯ ಚೌಕಕ್ಕೇ ಗುರುತು ಹಾಕಿದ್ದಿರಿ. ಸಾಲದ್ದಕ್ಕೆ ಹಾಳೆ ತಿರುವಿ, ನಿಮ್ಮ ನೀಲಿ ಮಸಿಯ ಪೆನ್ನಿನಲ್ಲಿ ಬರೆದಿದ್ದಿರಿ: ‘ಮೊದಲು ನನ್ನ ಕುರ್ಚಿಯ ಹಿಂದಿನ ಪ್ಲಗ್ ದುರಸ್ತಿಯಾಗಲಿ. ಎರಡನೆಯದಾಗಿ, ಕಲಿಸುವವರನ್ನು ಯಾರನ್ನಾದರೂ ಕಳಿಸಿಕೊಡಿ. ನಾನು ಮೊದಲನೇ ಬೆಂಚಿನಲ್ಲಿ ಕೂತು ಕಲಿಯುತ್ತೇನೆ. ನಾಚಿಕೆಯಿಲ್ಲ.’ ಕೆಳಗೆ ದುಂಡಗಿನ ಸಹಿ. ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ಮನುಷ್ಯ ಹೀಗೆ ಬರೆಯುವುದೆಂದರೇನು? ನಾನು ನಕ್ಕೆ. “ಸರ್, ಇದು ಪರೀಕ್ಷೆ ಅಲ್ಲ, ಬರೇ ನಮೂನೆ” ಎಂದೆ. “ಪರೀಕ್ಷೆ ಇದ್ರ ಸುಳ್ಳ ಬರೀಬೌದಿತ್ತೊ ಅಂಕಣಾ, ಹೋದ್ರ ಹತ್ತು ಮಾರ್ಕು ಹೋಗ್ತಿದ್ವು” ಎಂದಿರಿ. ನನ್ನನ್ನು ನೀವು ಹೆಸರು ಹಿಡಿದು ಕರೆದದ್ದೇ ಕಡಿಮೆ. ಅಂಕಣ ಬರೆಯುವವನು ಎಂದು, ಅಂಕಣಾ.

ಈಗ ನೀವು ಕೇಳಿರದ ಸುದ್ದಿ. ಇದನ್ನು ನಿಮ್ಮ ಎದುರು ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ... ಪ್ರತಿ ಸಲವೂ ಚಹಾ ಬೇಕೇ ಎಂದು ಕೇಳಿ ಬಾಯಿ ಮುಚ್ಚಿಕೊಂಡೆ. ಆ ನಮೂನೆಯನ್ನು ತಿದ್ದಿದವನು ನಾನು. ನಿಮ್ಮ ಹಾಳೆಯನ್ನು ನನ್ನ ಡ್ರಾವರಿನಲ್ಲಿಟ್ಟು, ಹೊಸ ಹಾಳೆಯಲ್ಲಿ ಕಡೇ ಚೌಕಕ್ಕೆ ಗುರುತು ಹಾಕಿ, ನಿಮ್ಮ ದುಂಡಗಿನ ಸಹಿಯನ್ನು ನಿಮಗಿಂತ ದುಂಡಗೆ ಮಾಡಿ ಕಳಿಸಿದೆ. ಮೇಲಿನ ಆಫೀಸಿನವರು ಏನೋ ಎಡವಟ್ಟು ಮಾಡಿದರೆಂದು ನೀವು ಕೊನೆಯ ತನಕ ನಂಬಿದ್ದಿರಿ. “ಪಾಪ, ಅವರಿಗೂ ಎಷ್ಟ ಹಾಳಿ ಬರ್ತಾವೊ ಏನೊ” ಎಂದು ಅವರ ಪರವಾಗಿ ಮರುಗುತ್ತಿದ್ದಿರಿ. ನಾನು ಪಕ್ಕದಲ್ಲೇ ಕೂತು ಚೂಡಾ ತಿನ್ನುತ್ತಿದ್ದೆ.

ತಿಂಗಳೊಳಗೆ ಉತ್ತರ ಬಂತಲ್ಲ, ಆ ಮಧ್ಯಾಹ್ನ ನೆನಪಿದೆಯೇ? ಪ್ರಾಚಾರ್ಯರು ಎದ್ದು ನಿಂತು ಓದಿದರು. ನಮ್ಮ ಕಾಲೇಜಿನ ಅಧ್ಯಾಪಕರೆಲ್ಲರೂ ಸಂಪೂರ್ಣ ಸನ್ನದ್ಧರಾಗಿರುವುದು ಶ್ಲಾಘನೀಯ. ಆದುದರಿಂದ ಇಲ್ಲಿ ತರಬೇತಿಯ ಅಗತ್ಯವಿಲ್ಲ. ನಾವು ಚಪ್ಪಾಳೆ ತಟ್ಟಿದೆವು. ಕಲಿಸುವವರು ಬರುವುದಿಲ್ಲ ಎಂಬ ಸುದ್ದಿಗೆ ಚಪ್ಪಾಳೆ ತಟ್ಟಿದ ಅಧ್ಯಾಪಕರು ಜಗತ್ತಿನಲ್ಲಿ ಬೇರೆ ಎಲ್ಲಾದರೂ ಇದ್ದಾರೆಯೇ? ಅದೇ ಕಾಗದದ ಎರಡನೇ ಹಾಳೆಯಲ್ಲಿ ನಿಮ್ಮ ಹೆಸರಿತ್ತು. ಹಿರಿಯರು, ಸನ್ನದ್ಧರು, ಆದ್ದರಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆಯ ಇತಿಹಾಸದ ವಿದ್ಯಾರ್ಥಿಗಳಿಗೆ ಒಂದೇ ಆನ್‌ಲೈನ್ ತರಗತಿ, ಮಲಕಪ್ಪ ಸರ್ ಅವರಿಂದ. ನೀವು ನನ್ನ ಕಡೆ ನೋಡಿದಿರಿ. ನಾನು ಫ್ಯಾನಿನ ಕಡೆ ನೋಡಿದೆ.

ನಿಮ್ಮ ಹಾಜರಿಯ ಪದ್ಧತಿ ಈಗಲೂ ಕಿವಿಯಲ್ಲಿದೆ. ನಾನು ವಿದ್ಯಾರ್ಥಿಯಾಗಿದ್ದಾಗಲೂ ನೀವು ಹೆಸರು ಕೂಗುತ್ತಿರಲಿಲ್ಲ, ಊರು ಕೂಗುತ್ತಿದ್ದಿರಿ. “ಸಾಲೋಟಗಿ ಬಂತೇನ? ಆಲಮೇಲ ಬಂತೇನ? ಇಂಡಿ ಬಸ್ ಬಂತೇನ?” ಇಂಡಿ ಬಸ್ಸು ಬರದೆ ಪಾಠ ಶುರುವಾಗುತ್ತಿರಲಿಲ್ಲ. ಮೊದಲು ಬಂದವರು ಗೊಣಗಿದರೆ, “ಅವರೇನು ಬೇಕಂತ ತಡಾ ಮಾಡ್ಯಾರೇನೊ? ಕೂಡ್ರಿ ಸುಮ್ನ” ಎನ್ನುತ್ತಿದ್ದಿರಿ. ಬಸ್ಸಿನ ಹುಡುಗರು ಏದುಸಿರು ಬಿಡುತ್ತ ಒಳಗೆ ಬಂದು ಕೂತ ಮೇಲೆಯೇ ನಿಮ್ಮ ಮೊದಲ ವಾಕ್ಯ. ಈ ಒಂದು ಕಾರಣಕ್ಕೆ ನಿಮ್ಮ ಪಠ್ಯ ಯಾವ ವರ್ಷವೂ ಮುಗಿಯಲಿಲ್ಲ. ಈ ಒಂದು ಕಾರಣಕ್ಕೆ ನಿಮ್ಮ ತರಗತಿಯನ್ನು ಯಾರೂ ತಪ್ಪಿಸುತ್ತಿರಲಿಲ್ಲ.

ಆ ಮೊದಲ ಆನ್‌ಲೈನ್ ತರಗತಿಯ ದಿನ ನೀವು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದಿರಿ. ಸ್ಟಾಫ್ ರೂಮಿನ ಪ್ಲಗ್ಗಿನಲ್ಲಿ ಕರೆಂಟಿಲ್ಲದ್ದರಿಂದ ಗುಮಾಸ್ತರ ಕೋಣೆಯ ಸ್ಟೂಲಿನ ಮೇಲೆ, ಪರೀಕ್ಷಾ ಅರ್ಜಿಗಳ ಗಂಟುಗಳ ನಡುವೆ, ಕಾಲೇಜಿನ ಲ್ಯಾಪ್‌ಟಾಪಿನ ಎದುರು ಕೂತಿದ್ದಿರಿ. ನಾನು ಹಾದುಹೋಗುವಾಗ ಇಣುಕಿದೆ. ಪರದೆಯ ಮೇಲೆ ನಿಮ್ಮದೊಂದೇ ಮುಖ. “ಯಾರೂ ಬಂದಿಲ್ಲೊ ಅಂಕಣಾ. ಬಸ್ ತಡಾ ಆಗೈತಿ ಕಾಣ್ತದ. ಕಾಯ್ತೇನಿ” ಎಂದಿರಿ. ಮುಕ್ಕಾಲು ತಾಸು ಕಾದಿರಿ. ಗಂಟೆ ಹೊಡೆಯಿತು. ಎದ್ದು ಬಂದಿರಿ.

ಮರುದಿನ ಸಾಲೋಟಗಿಯ ನಿಮ್ಮ ವಿದ್ಯಾರ್ಥಿನಿ ರೇಣುಕಾ ಬಂದು ಬಾಗಿಲಲ್ಲಿ ನಿಂತಳಲ್ಲ, ಆಗ ಗೊತ್ತಾಯಿತು. “ಸರ, ನಿನ್ನೆ ನಾವೆಲ್ಲಾ ಬಂದಿದ್ವಿರಿ. ನೀವು ಕದಾನ ತೆಗೀಲಿಲ್ರಿ.” ಆ ವೇದಿಕೆಯಲ್ಲಿ ಬಂದವರು ಹೊರಗೆ ನಿಲ್ಲುತ್ತಾರಂತೆ, ಒಳಗಿನವರು ಒಂದು ಗುಂಡಿ ಒತ್ತಿದರೆ ಮಾತ್ರ ಒಳಗೆ ಬರುತ್ತಾರಂತೆ. ನಾಲ್ಕು ತಾಲ್ಲೂಕಿನ ಮಕ್ಕಳು, ಒಬ್ಬರು ಮಾಳಿಗೆ ಹತ್ತಿ, ಒಬ್ಬರು ತೊಗರಿ ಹೊಲದ ಬದುವಿಗೆ ಹೋಗಿ ಸಿಗ್ನಲ್ ಹಿಡಿದು, ಮುಕ್ಕಾಲು ತಾಸು ಹೊರಗೆ ಕಾದರು. ಅವರಿಗಾಗಿ ನೀವು ಮುಕ್ಕಾಲು ತಾಸು ಒಳಗೆ ಕಾದಿರಿ. ನಿಮ್ಮ ಮುಖ ಅಂದು ಹೇಗಾಗಿತ್ತೆಂದು ಹೇಳಲಾರೆ. “ಮನಿಗೆ ಬಂದ ಹುಡುಗರನ್ನ ಅಗಸಿ ಬಾಗಲ್ದಾಗ ನಿಂದ್ರಿಸಿದ್ನೆಲ್ಲೊ” ಎಂದು ಅಷ್ಟೇ ಅಂದಿರಿ. ಮೂವತ್ತು ವರ್ಷ ಇಂಡಿ ಬಸ್ಸಿಗಾಗಿ ಕಾದ ಮನುಷ್ಯ.

ಆ ವಾರ ನಾನು ಮಾಡಿದ್ದೇನು? ಅದನ್ನು ಅಂಕಣ ಮಾಡಿದೆ. ಹೆಸರು ಹಾಕಲಿಲ್ಲ, ಆದರೆ ನಾಲ್ಕು ತಾಲ್ಲೂಕಿಗೆ ಗೊತ್ತಾಯಿತು. ಜನ ಬಿದ್ದು ಬಿದ್ದು ನಕ್ಕರು. ಬಸವನ ಬಾಗೇವಾಡಿಯಿಂದ ಒಬ್ಬರು ಫೋನ್ ಮಾಡಿ ಇಂಥದ್ದು ವಾರಕ್ಕೊಂದು ಬರೆಯಿರಿ ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವರು ನೀವು. ಕತ್ತರಿಸಿ ಡೈರಿಯಲ್ಲಿಟ್ಟುಕೊಂಡಿರಿ. ನಗು ನಿಂತ ಮೇಲೆ ಕೇಳಿದಿರಿ: “ಎಲ್ಲಾ ಬರೋಬ್ಬರಿ ಬರ್ದೀ. ಆದ್ರ ಆ ಗುಂಡಿ ಎಲ್ಲೈತಿ ಅಂತ ಬರೀಲಿಲ್ಲಲ್ಲೊ?” ಬರೆಯದಿರುವುದಕ್ಕೆ ಕಾರಣ ಸರಳ, ಸರ್. ನನಗೆ ಗೊತ್ತಿರಲಿಲ್ಲ. ನೋಡಲ್ ಅಧಿಕಾರಿಗೆ ಗೊತ್ತಿರಲಿಲ್ಲ. ಅವತ್ತಾದರೂ ಬಾಯಿಬಿಟ್ಟು ಹೇಳಿದ್ದರೆ ಇಬ್ಬರೂ ಕೂತು ಹುಡುಕಬಹುದಿತ್ತು. “ನಾಳೆ ತೋರಿಸ್ತೇನ್ರಿ” ಎಂದೆ. ಎಷ್ಟು ನಾಳೆಗಳಾದವು?

ಒಂದು ಶನಿವಾರ ನೀವು ನನಗೂ ಹೇಳದೆ ಸಾಲೋಟಗಿಗೆ ಹೋದಿರಿ. ಪ್ರತಿ ವರ್ಷ ನಮ್ಮನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ನಿಲ್ಲಿಸುತ್ತಿದ್ದಿರಲ್ಲ, ಸಾವಿರ ವರ್ಷದ ಹಿಂದಿನ ವಿದ್ಯಾಶಾಲೆಯ ಅದೇ ಶಾಸನದ ಕಲ್ಲಿನ ಎದುರು ಈ ಸಲ ನೀವೊಬ್ಬರೇ ನಿಂತಿರಿ. ರೇಣುಕಾ ನಿಮ್ಮ ಫೋನು ಹಿಡಿದಳು. ವೇದಿಕೆಯ ಆ್ಯಪಿನಲ್ಲೇ ಪಾಠ ರೆಕಾರ್ಡ್ ಆಯಿತು. ಯಾರೂ ಯಾರಿಗೂ ಕಾಯಬೇಕಾಗಿಲ್ಲದ ಪಾಠ, ಬಸ್ಸು ಯಾವಾಗ ಬಂದರೂ ಮೊದಲಿನಿಂದ ಕೇಳಬಹುದಾದ ಪಾಠ ಎಂದು ಅವಳಿಗೆ ಹೇಳಿದಿರಂತೆ. ಆ ಪಾಠದ ಮೊದಲ ಮಾತು ಯಾವುದಿರಬಹುದೆಂದು ನನಗೆ ಗೊತ್ತು. ನಾನೂ ಆ ಕಲ್ಲಿನ ಮುಂದೆ ಬಿಸಿಲಲ್ಲಿ ನಿಂತವನೇ ತಾನೆ? “ರಾಜನ ಹೆಸರು ಪರೀಕ್ಷಾಕ್ಕ ನೆನಪಿಡ್ರಿ. ಆದ್ರ ಈ ಕಲ್ಲಿನ್ಯಾಗ ನೋಡ್ರಿಲ್ಲೆ. ದೂರದೂರಿಂದ ಕಲಿಯಾಕ ಬಂದ ಹುಡುಗರಿಗೆ ಇರಾಕ ಮನಿ, ದೀಪಕ್ಕ ಎಣ್ಣಿ, ಅದಕ್ಕಂತ ಹೊಲಾ. ಮೊದಲ ಇದನ್ನ ಇಟ್ಟಾರ. ಪಾಠ ಆಮ್ಯಾಲ.” ಪ್ಲಗ್ಗಿಗೆ ಮೂರು ಅರ್ಜಿ ಕೊಟ್ಟ ಮನುಷ್ಯನಿಗಲ್ಲದೆ ಬೇರೆ ಯಾರಿಗೆ ಆ ಕಲ್ಲಿನಲ್ಲಿ ದೀಪದ ಎಣ್ಣೆಯೇ ಮೊದಲು ಕಂಡೀತು?

ಆ ಸಂಜೆ ನೀವು ಫೋನ್ ಮಾಡಿದಿರಿ. ದನಿಯಲ್ಲಿ ಹುರುಪು. “ಮುಗೀತೊ ಅಂಕಣಾ! ಇನ್ನ ಒಂದ ಗುಂಡಿ ಒತ್ತೋದೈತಿ, ಪ್ರಕಟಿಸು ಅಂತ ಕೇಳಾಕತ್ತೈತಿ. ನೀ ಒಮ್ಮೆ ನೋಡಿ ಬರೋಬ್ಬರಿ ಐತಿ ಅನ್ನು, ಆಮ್ಯಾಲ ಒತ್ತತೇನಿ.” ನನಗೆ ಪಾಠ ಒಪ್ಪಿಸುವ ಗುರುಗಳು! ಸೋಮವಾರ ನೋಡೋಣ ಸರ್ ಎಂದೆ. ಯಾಕೆ ಹಾಗೆಂದೆ? ಅದನ್ನು ಹೇಗೆ ನೋಡಬೇಕೆಂದು ನನಗೆ ತಿಳಿದಿರಲಿಲ್ಲ, ಅಷ್ಟೇ. ಒತ್ತಿಬಿಡಿ ಸರ್ ಎನ್ನಲು ಎರಡು ಪದ ಸಾಕಿತ್ತು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತವರು ನೀವು...

ನಿಮ್ಮ ಮನೆಗೆ ಕಳೆದ ತಿಂಗಳು ಹೋಗಿದ್ದೆ. ವೇದಿಕೆಯ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಈಗಲೂ ‘ಪಾಠ: ಒಂದು. ಸ್ಥಿತಿ: ಕರಡು’ ಎಂದಿದೆ. ಕರಡನ್ನು ಬರೆದವರ ಖಾತೆಯಿಂದಲೇ ತೆರೆಯಬೇಕು. ನಿಮ್ಮ ಮನೆಯವರು, ನಮಗೆಲ್ಲ ಅಮ್ಮನವರು, ಕಪಾಟಿನಿಂದ ನಿಮ್ಮ ಫೋನು ತೆಗೆದುಕೊಟ್ಟರು. ಹೊಸ ಆವೃತ್ತಿ ಬಂದು ಆ್ಯಪು ನಿಮ್ಮನ್ನು ಹೊರಗೆ ಹಾಕಿತ್ತು. ಪಾಸ್‌ವರ್ಡ್ ಕೇಳಿತು. ಸಾಲೋಟಗಿ ಎಂದು ಹಾಕಿದೆ, ಅಮ್ಮನವರ ಹೆಸರು ಹಾಕಿದೆ, ನಾಚಿಕೆ ಬಿಟ್ಟು ನನ್ನ ಹೆಸರೂ ಹಾಕಿದೆ. ಯಾವುದೂ ಅಲ್ಲ. ಕೊನೆಗೆ, ನಿಮ್ಮ ನಂಬರಿಗೆ ಆರು ಅಂಕಿ ಕಳಿಸುತ್ತೇನೆ, ಅದನ್ನು ಹೇಳಿದರೆ ಕದ ತೆರೆಯುತ್ತೇನೆ ಎಂದಿತು. ಸಿಮ್ಮೇ ಸತ್ತಿತ್ತು. “ರಿಚಾರ್ಜ್ ಯಾಕ ಮಾಡಸ್ಲೆಪಾ? ಅದಕ್ಕ ಬರೋ ಫೋನೆಲ್ಲಾ ಅವರಿಗೇ ಬರ್ತಿದ್ವು” ಎಂದರು ಅಮ್ಮನವರು.

ಸಹಾಯವಾಣಿಗೆ ಫೋನ್ ಮಾಡಿದ ಪ್ರಸಂಗವನ್ನು ಬೇರೆ ದಿನವಾಗಿದ್ದರೆ ಅಂಕಣ ಮಾಡುತ್ತಿದ್ದೆ. “ಖಾತೆದಾರರೇ ಮಾತಾಡಬೇಕು ಸರ್.” “ಅವರು ತೀರಿಕೊಂಡಿದ್ದಾರಮ್ಮ.” “ಹಾಗಾದರೆ ಅವರ ಇ-ಮೇಲಿಂದ ಒಂದು ಮನವಿ ಹಾಕಲಿ ಸರ್.” ಪಾಪ, ಅವಳಿಗೂ ಎಷ್ಟು ಫೋನು ಬರುತ್ತವೋ ಏನೋ. ಮೇಲಿನವರನ್ನು ಕೇಳಿ ಬಂದು ಹೇಳಿದಳು: ಮರಣ ಪ್ರಮಾಣಪತ್ರ ಕೊಟ್ಟರೆ ಖಾತೆ ಮುಚ್ಚುತ್ತಾರೆ, ಖಾತೆ ಮುಚ್ಚಿದರೆ ಕರಡು ಅಳಿಸಿಹೋಗುತ್ತದೆ. ಹೀಗಾಗಿ ಆ ಪ್ರಮಾಣಪತ್ರವನ್ನು ನಾನು ವೇದಿಕೆಗೆ ಕೊಡದೆ ಮುಚ್ಚಿಟ್ಟಿದ್ದೇನೆ. ವೇದಿಕೆಯ ಪ್ರಕಾರ ನೀವು ಇನ್ನೂ ಇದ್ದೀರಿ, ಸಂಪೂರ್ಣ ಸನ್ನದ್ಧರಾಗಿ.

ಆಮೇಲೆ ನಿಮ್ಮ ಹಳೆಯ ನಂಬರಿಗೆ ಸುಮ್ಮನೆ ಫೋನ್ ಹಚ್ಚಿದೆ. ಯಾಕೆ ಹಚ್ಚಿದೆನೋ! ರಿಂಗಾಯಿತು ಸರ್. ಎತ್ತಿದವರು ಒಬ್ಬ ಹೆಣ್ಣುಮಗಳು. ಕಂಪನಿಯವರು ನಂಬರನ್ನು ಆಕೆಗೆ ಕೊಟ್ಟಿದ್ದಾರೆ. ಆಕೆಯ ದನಿಯ ಹಿಂದೆ ಕಂಡಕ್ಟರ್ ಒಬ್ಬ “ನಾಲತವಾಡಾ, ನಾಲತವಾಡಾ, ಇಳೀರಿ” ಎಂದು ಕೂಗುತ್ತಿದ್ದ. ನಾನು ಬಾಯಿ ತುಂಬ ಅಕ್ಕಾ ಎಂದು ಕರೆದು, ನಿಮಗೆ ಆರು ಅಂಕಿ ಬರುತ್ತವೆ, ಸ್ವಲ್ಪ ಹೇಳ್ರಿ ಎಂದೆ. ಅಷ್ಟೇ!

“ಒಟಿಪಿ ಏನ? ಯಾವೂರ ಕಳ್ಳಲೇ ನೀ?”

“ಕಳ್ಳ ಅಲ್ರೀ ಅಕ್ಕಾ, ಕಾಲೇಜ ಮಾಸ್ತರ.”

“ಒಬ್ಬ ಮ್ಯಾನೇಜರ ಅಂತಾನ, ಒಬ್ಬ ಪೊಲೀಸ ಅಂತಾನ. ಮಾಸ್ತರ ಅಂದವ ನೀನ ಮೊದಲನೇದವ! ನಮ್ಮ ಸಂಘಕ್ಕ ಬ್ಯಾಂಕಿನ ಮೇಡಂ ಬಂದು ಎರಡು ದಿನ ಕಲಿಸ್ಯಾರ. ದೇವರು ಬಂದು ಕೇಳಿದ್ರೂ ಕೊಡಬ್ಯಾಡ್ರಿ ಅಂದಾರ. ಇಡು ಫೋನ್!”

ಇಟ್ಟೆ. ಮತ್ತೆ ಹಚ್ಚಿದರೆ ಹತ್ತಲಿಲ್ಲ. ನನ್ನನ್ನು ಬ್ಲಾಕ್ ಮಾಡಿದ್ದರು. ಬ್ಲಾಕ್ ಮಾಡುವುದೂ ಕಲಿತಿದ್ದಾರೆ! ಸರ್, ನಿಮ್ಮ ಶಿಷ್ಯನಾಗಿ ಪ್ರಮಾಣ ಮಾಡಿ ಹೇಳುತ್ತೇನೆ: ಈ ನಾಲ್ಕು ತಾಲ್ಲೂಕಿನಲ್ಲಿ ಆ ಕಡೇ ಚೌಕಕ್ಕೆ ನಿಜವಾಗಿ ಗುರುತು ಹಾಕಬಲ್ಲವರು ಆ ಅಕ್ಕ ಒಬ್ಬರೇ. ಅವರಿಗೆ ಕಲಿಸಲು ಯಾರೋ ಬಂದಿದ್ದರು.

ಮೊನ್ನೆ ಮತ್ತೆ ನಮೂನೆ ಬಂತು. ಹಳೆಯ ವೇದಿಕೆ ಈ ತಿಂಗಳ ಕೊನೆಗೆ, ಅಂದರೆ ಬರುವ ಮಂಗಳವಾರ, ಮುಚ್ಚುತ್ತದೆ. ಅದರಲ್ಲಿದ್ದ ಕರಡುಗಳೆಲ್ಲ ಅದರೊಂದಿಗೇ ಹೋಗುತ್ತವೆ. ಹೊಸ ವೇದಿಕೆ ಬರುತ್ತದೆ, ಅದಕ್ಕೆ ಹೊಸ ಸನ್ನದ್ಧತೆ. ಈ ಸಲ ನಾನು ಎಡತುದಿಯ ಚೌಕಕ್ಕೆ ಗುರುತು ಹಾಕಿದೆ. ಡ್ರಾವರಿನಿಂದ ನಿಮ್ಮ ಹಾಳೆ ತೆಗೆದು, ಹಿಂದೆ ನಿಮ್ಮ ಮಾತುಗಳನ್ನೇ ನಕಲು ಮಾಡಿದೆ. ಮೊದಲನೇ ಬೆಂಚಿನಲ್ಲಿ ಕೂತು ಕಲಿಯುತ್ತೇನೆ, ನಾಚಿಕೆಯಿಲ್ಲ. ಜೀವನದಲ್ಲಿ ಒಮ್ಮೆಯಾದರೂ ನಿಮ್ಮ ಶಿಷ್ಯನಾದೆ ಎಂದುಕೊಂಡು ಹೊಸ ನೋಡಲ್ ಅಧಿಕಾರಿಯ ಕೈಗೆ ಕೊಟ್ಟೆ. ಕಳೆದ ವರ್ಷ ಬಂದ ಅತಿಥಿ ಉಪನ್ಯಾಸಕಿ, ಒಳ್ಳೆಯ ಹುಡುಗಿ. ಸಂಜೆ ಎದುರಾಗಿ, ಉಪಕಾರ ಮಾಡಿದ ಮುಖದಲ್ಲಿ ಹೇಳಿದಳು: “ಸರ್, ನಿಮ್ಮ ನಮೂನಿ ತಪ್ಪಾಗಿತ್ರಿ. ಸಹಿ ಕೂಡ ನಾನ ಮಾಡಿ ಸರಿ ಮಾಡಿ ಕಳಿಸೇನ್ರಿ. ಕಾಲೇಜಿನ ಮರ್ಯಾದಿ ಅಲ್ರಿ?”

ಏನು ಹೇಳಲಿ? ನಿಮಗೆ ಹೇಳಬೇಕಾದದ್ದನ್ನೇ ಹೇಳಲಾಗದವನು ಅವಳಿಗೆ ಏನು ಹೇಳಿಯೇನು? ಥ್ಯಾಂಕ್ಸ್ ಮೇಡಂ ಎಂದೆ. ನಿಮ್ಮ ಕುರ್ಚಿಯಲ್ಲಿ ಕೂತೆ. ಹಿಂದೆ ಹೊಸ ಪ್ಲಗ್ಗಿನಲ್ಲಿ ಯಾರದೋ ಫೋನು ಚಾರ್ಜಾಗುತ್ತಿತ್ತು. ತಿಂಗಳ ನಂತರ ಇನ್ನೊಂದು ಕಾಗದ ಬರುತ್ತದೆ, ತರಬೇತಿಯ ಅಗತ್ಯವಿಲ್ಲವೆಂದು. ನಾವು ಚಪ್ಪಾಳೆ ತಟ್ಟುತ್ತೇವೆ. ರೇಣುಕಾ ಈಗಲೂ ವಾರಕ್ಕೊಮ್ಮೆ ಕೇಳುತ್ತಾಳೆ, “ಸರ, ಮಲಕಪ್ಪ ಸರ್ ಪಾಠ ಬಂತ್ರೇನು?” ಬಂದಿಲ್ಲಮ್ಮ. ಬಸ್ಸು ತಡವಾಗಿದೆ.

ಒಂದು ನಿಮಿಷ ಸರ್, ಈ ಕೊನೆಯ ನಾಲ್ಕು ಸಾಲು ನಿಮಗಲ್ಲ. ಈ ಕಾಗದ ಅಂಕಣವಾಗಿ ಅಚ್ಚಾಗುವ ಪತ್ರಿಕೆ ವಾರಕ್ಕೊಮ್ಮೆ ನಾಲತವಾಡಕ್ಕೂ ಹೋಗುತ್ತದೆ, ಅದಕ್ಕೇ.

ನಾಲತವಾಡದ ಅಕ್ಕನವರೇ, ನೀವು ಬೈದದ್ದು ಸರಿಯಾಗಿಯೇ ಇತ್ತು. ಫೋನಿನಲ್ಲಿ ಯಾರಿಗೂ ಏನೂ ಹೇಳಬೇಡಿ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ನಾನು, ರೇಣುಕಾ ಎಂಬ ಹುಡುಗಿ ಇಬ್ಬರೂ ಕಾಲೇಜಿನ ಗುರುತಿನ ಚೀಟಿ ಹಿಡಿದು ನಿಂತಿರುತ್ತೇವೆ. ಬ್ಯಾಂಕಿನ ಮೇಡಂ ಅವರನ್ನೂ ಕರೆತನ್ನಿ. ಆರು ಅಂಕಿ ಬಂದಾಗ ನನಗೆ ತೋರಿಸುವುದೂ ಬೇಡ, ನಮ್ಮ ಸರ್ ಫೋನಿನಲ್ಲಿ ನೀವೇ ಒತ್ತಿ. ನೀವು ಬರುವ ತನಕ ಕಾಯುತ್ತೇವೆ. ಬರುವಾಗ ಮಾತ್ರ ಫೋನು ಚಾರ್ಜ್ ಮಾಡಿಕೊಂಡು ಬನ್ನಿ.